ಪಂಚಾಕ್ಷರಪ್ಪನ ಕಗ್ಗಲಿ ಬೇರಿಂಗು

ನನ್ನ ತಮ್ಮ ಪಂಚಾಕ್ಷರಪ್ಪ ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ಶಿಕಾರಿಪುರದಲ್ಲಿ ಹೇಳುವವರಿಗೆ ಬರವಿಲ್ಲ. ಎರಡು ಸಲವೂ ಅವನು ಬಿದ್ದದ್ದು ರೇಖಾಗಣಿತದಲ್ಲಿ. ಹುಡುಗಿಯರ ಶಾಲೆಯಲ್ಲಿ ನಾನು ಕಲಿಸುತ್ತಿದ್ದದ್ದೂ ಅದನ್ನೇ. ಊರ ಮಕ್ಕಳಿಗೆಲ್ಲ ತ್ರಿಕೋನ ಕಲಿಸುವ ಜಗದಾಂಬಕ್ಕೋರಿಗೆ ಮನೆಯ ತಮ್ಮನ ಕೈಯಲ್ಲಿ ಒಂದು ವೃತ್ತ ಎಳೆಸಲು ಆಗಲಿಲ್ಲ ಎಂದು ಜನ ಆಡಿಕೊಂಡರು. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆಯನ್ನು ನನ್ನಷ್ಟು ಸಲ ಕೇಳಿಸಿಕೊಂಡವರು ಯಾರೂ ಇರಲಾರರು.

ಅಪ್ಪ ತೀರಿಕೊಂಡ ಮೇಲೆ ಅವನು ಎತ್ತಿನ ಗಾಡಿ ಹೊಡೆದ. ಗಂಗಾಧರಪ್ಪ ಸಾವ್ಕಾರರ ಅಕ್ಕಿ ಗಿರಣಿಯಿಂದ ಮೂಟೆ ಹೇರಿಕೊಂಡು ಶಿರಾಳಕೊಪ್ಪ, ಆನವಟ್ಟಿ ಎಂದು ತಿರುಗಿದ. ಸಾವ್ಕಾರರು ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಮೋಟಾರು ಗಾಡಿ ಕೊಂಡು, ಅದಕ್ಕೆ ಮರದ ಮೈ ಕಟ್ಟಿಸಿ, ಮುಂದೆ ಜನಕ್ಕೆ ಬೆಂಚು, ಹಿಂದೆ ಮೂಟೆಗೆ ಜಾಗ ಮಾಡಿಸಿದಾಗ, ಅದರ ಜೊತೆಗೆ ಬಂದಿದ್ದ ಡ್ರೈವರನ ಪಕ್ಕ ಕುಳಿತು ಒಂದು ವರ್ಷ ನೋಡುತ್ತಲೇ ಕಲಿತ. ಆ ಡ್ರೈವರು ಊರು ಬಿಟ್ಟ ದಿನ ಇವನು ಚಕ್ರ ಹಿಡಿದ. ಲೈಸೆನ್ಸು ತಂದು ನನ್ನ ಮುಂದೆ ಹಿಡಿದಾಗ ನಾನು ಮುಖ ತಿರುಗಿಸಿದೆ. ಆಗ ನನಗೆ ಅಷ್ಟು ಜಂಬ. ಮೇಷ್ಟರೋ ಗುಮಾಸ್ತನೋ ಆಗುತ್ತಾನೆಂದುಕೊಂಡಿದ್ದ ಹುಡುಗ ಮೈತುಂಬ ಪೆಟ್ರೋಲು ನಾರುತ್ತಾ ಬಂದರೆ ಯಾವ ಅಕ್ಕ ಆರತಿ ಎತ್ತುತ್ತಾಳೆ?

ಬೆಳಿಗ್ಗೆ ಶಿಕಾರಿಪುರ ಬಿಟ್ಟರೆ ಹನ್ನೊಂದಕ್ಕೆ ಸೊರಬ. ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ವಾಪಸು. ನಡುವಿನ ನಾಲ್ಕು ತಾಸು ಬೇರೆ ಡ್ರೈವರುಗಳು ಇಸ್ಪೀಟು ಆಡುತ್ತಿದ್ದರು, ಇಲ್ಲವೇ ಗಾಡಿಯ ಕೆಳಗೆ ಮಲಗುತ್ತಿದ್ದರು. ನನ್ನ ತಮ್ಮ ಸೊರಬದ ಗುಡಿಗಾರ ಪುಟ್ಟಪ್ಪನ ಜಗುಲಿಗೆ ಹೋಗಿ ಕೂರುತ್ತಿದ್ದ. ಪುಟ್ಟಪ್ಪ ಗಂಧದ ಕೆತ್ತನೆಯವನು. ಎರಡು ಗೂಟದ ನಡುವೆ ಮರದ ತುಂಡು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಸುತ್ತಾ, ತಿರುಗುವ ಮರಕ್ಕೆ ಉಳಿ ಹಿಡಿದು ಡಬ್ಬಿ, ಗೊಂಬೆ, ಲೇಖನಿ ಏನು ಬೇಕಾದರೂ ತೆಗೆಯುತ್ತಿದ್ದ. ಇವನು ಮೊದಲು ನೋಡಿದ, ಆಮೇಲೆ ಹಗ್ಗ ಎಳೆದ, ಆಮೇಲೆ ಉಳಿ ಹಿಡಿದ. ಐದು ವರ್ಷದಲ್ಲಿ ನಮ್ಮ ಮನೆಗೆ ಏಳು ಕುಂಕುಮದ ಭರಣಿ ಬಂದವು. ಮನೆಯಲ್ಲಿದ್ದದ್ದು ಇಬ್ಬರೇ ಹೆಂಗಸರು, ಅವರಲ್ಲಿ ಕುಂಕುಮ ಇಡುವವಳು ಯಾರೂ ಇರಲಿಲ್ಲ. ನಾನೂ ಅವ್ವನಂತೆಯೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. "ಒಳ್ಳೆ ಮರ ಸಿಕ್ತು ಅಕ್ಕಾ, ಕೈ ಸುಮ್ನಿರಲಿಲ್ಲ" ಎನ್ನುತ್ತಿದ್ದ. ಭರಣಿಗಳಲ್ಲಿ ಅವ್ವ ಸಾಸಿವೆ, ಮೆಂತ್ಯ ತುಂಬಿಟ್ಟಳು.

ಅವ್ವನ ಹೆಸರು ಅಕ್ಕನಾಗಮ್ಮ. ಬಳ್ಳಿಗಾವಿಯ ರೈತರ ಮನೆಯ ಮಗಳು. ಸೋಮವಾರ ಎತ್ತಿಗೆ ನೊಗ ಇಡಬಾರದು ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ, ಬಸವಣ್ಣನಿಗೆ ಅಂದು ಬಿಡುವು. ಮೋಟಾರು ಗಾಡಿ ನಮ್ಮ ಅಂಗಳದಲ್ಲಿ, ಎತ್ತಿನ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲತೊಡಗಿದ ಮೊದಲ ವಾರವೇ ಅವ್ವ ತೀರ್ಪು ಕೊಟ್ಟಳು. ದುಡಿಯುವುದೆಲ್ಲ ಬಸವಣ್ಣನೇ, ಇದಕ್ಕೂ ಸೋಮವಾರ ನೊಗ ಇಲ್ಲ. ಗಂಗಾಧರಪ್ಪನವರು ವ್ಯಾಪಾರಸ್ಥರು, ಆದರೆ ಅವರೂ ಲಿಂಗ ಕಟ್ಟಿದವರು. ಈ ಮಾತಿಗೆ ಎದುರಾಡಲು ಅವರಿಗೂ ಧೈರ್ಯ ಸಾಲಲಿಲ್ಲ. ಹೀಗೆ ಇಡೀ ತಾಲ್ಲೂಕಿನಲ್ಲಿ ಸೋಮವಾರ ಓಡದ ಮೋಟಾರು ಎಂದರೆ ನಮ್ಮದೊಂದೇ. ಸೋಮವಾರ ಬೆಳಗಾಗುವ ಮೊದಲೇ ಅವ್ವ ಎದ್ದು ಎತ್ತುಗಳ ಮೈ ತೊಳೆದು, ಗಾಡಿಯ ಮೂತಿಗೂ ನೀರು ಹಾಕಿ, ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಹಚ್ಚಿ ಮಿಕ್ಕ ಬಣ್ಣ ಅದರ ಎರಡು ದೀಪಕ್ಕೆ ಬಳಿದದ್ದನ್ನು ಕೆರೆದು ತೆಗೆಯಲು ನನ್ನ ತಮ್ಮನಿಗೆ ಅರ್ಧ ದಿನ ಹಿಡಿದಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಸ್ಟೇರಿಂಗ್ ಅಲ್ಲಾಡಲು ಶುರುವಾಯಿತು. ಅದು ಹೇಗೆಂದು ನಾನೇ ತಿಳಿಸುತ್ತೇನೆ, ಪಾಠ ಹೇಳುವ ಚಟ ನನಗೆ ಹೋಗಿಲ್ಲ. ಡ್ರೈವರು ಹಿಡಿಯುವ ಚಕ್ರದಿಂದ ಒಂದು ಉಕ್ಕಿನ ಕಂಬಿ ಕೆಳಗಿಳಿದು ಗಾಲಿಗಳನ್ನು ತಿರುಗಿಸುತ್ತದೆ. ಆ ಕಂಬಿ ಒಂದು ಉದ್ದನೆಯ ಕೊಳವೆಯೊಳಗೆ ಇರುತ್ತದೆ. ಕೊಳವೆಯ ಬಾಯಲ್ಲಿ, ಚಕ್ರದ ಕೆಳಗೆ, ಕಂಬಿಯನ್ನು ನಟ್ಟನಡುವೆ ಹಿಡಿದು ಸಲೀಸಾಗಿ ತಿರುಗಿಸಲು ಸಣ್ಣ ಸಣ್ಣ ಉಕ್ಕಿನ ಗುಂಡುಗಳಿರುವ ಒಂದು ಬಳೆ ಇರುತ್ತದೆ. ಅದೇ ಬೇರಿಂಗು. ಅದು ಸವೆದರೆ ಕಂಬಿ ಕೊಳವೆಯಲ್ಲಿ ಕಟಕಟ ಬಡಿಯುತ್ತದೆ, ಚಕ್ರ ಮುದುಕರ ಹಲ್ಲಿನಂತೆ ಆಡುತ್ತದೆ. ಬೇರಿಂಗಿಗಾಗಿ ಶಿವಮೊಗ್ಗ, ದಾವಣಗೆರೆ ಎರಡೂ ಕಡೆ ಹೇಳಿ ಕಳಿಸಿದ್ದಾಯಿತು. ಬೊಂಬಾಯಿಯಿಂದ ಬರಬೇಕು, ಮೂರು ವಾರವಾಗುತ್ತದೆ ಎಂದು ಉತ್ತರ ಬಂತು.

ಮೂರು ವಾರ ಕಾಯುವ ಹಾಗಿರಲಿಲ್ಲ. ಬರುವ ಮಂಗಳವಾರ ಶಿವಮೊಗ್ಗದಿಂದ ಬ್ರೇಕ್ ಇನ್ಸ್‌ಪೆಕ್ಟರು ಬರುವವರಿದ್ದರು. ಗಾಡಿ ಓಡಲು ಯೋಗ್ಯವೆಂದು ವರ್ಷಕ್ಕೊಮ್ಮೆ ಅವರು ಕಾಗದ ಬರೆದುಕೊಡಬೇಕು. ಸಾವ್ಕಾರರು ಶನಿವಾರ ಸಂಜೆ ನಮ್ಮ ಜಗುಲಿಗೆ ಬಂದು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು:

"ನೋಡೋ ಪಂಚಾಕ್ಷರಿ, ನನ್ನ ಗಾಡಿ ಹಿಂದೆ ಯಾವತ್ತೂ ಹಿಂಗೆ ಆಗಿರಲಿಲ್ಲ. ಗಾಡಿ ಹಾಳಾಗೋದು ಇಟ್ಕೊಂಡೋನ ಕೈಯಿಂದ. ಮಂಗಳವಾರ ಪಾಸಾದ್ರೆ ಸರಿ. ಆಗ್ಲಿಲ್ಲೋ, ದಾವಣಗೆರೆಯಿಂದ ಒಬ್ಬ ಡ್ರೈವರು ಬರ್ತೀನಿ ಅಂತ ಕುಂತಾನೆ. ನೀನು ಮತ್ತೆ ಎತ್ತಿನ ಬಾಲ ಹಿಡ್ಕೋ."

ಅವರು ಹೋದ ಮೇಲೆ ಪಂಚಾಕ್ಷರಪ್ಪ ಗಾಡಿಯ ಹತ್ತಿರ ಹೋಗಿ ಚಕ್ರದ ಮೇಲೆ ಕೈಯಿಟ್ಟು ನಿಂತ. ಅವನ ಮುಖ ನೋಡಿದೆ. ಡ್ರೈವರಿಕೆ ಇವನಿಗೆ ಹೊಟ್ಟೆಪಾಡು ಅಂತಲೇ ಅಷ್ಟು ವರ್ಷ ತಿಳಿದುಕೊಂಡಿದ್ದೆ. ಹಾಗಲ್ಲ, ಅದೊಂದೇ ಅವನು ಪಾಸಾದ ಪರೀಕ್ಷೆ ಎಂಬುದು ಅಂದು ಹೊಳೆಯಿತು.

ಭಾನುವಾರ ಸೊರಬದಲ್ಲಿ ಪುಟ್ಟಪ್ಪನನ್ನು ಕೇಳಿಕೊಂಡು ಬಂದ. ಉಕ್ಕಿನ ಗುಂಡಿನ ಬದಲು ಮರದ ಬಳೆ ಹಾಕಿದರೆ ತಡೆಯುತ್ತದೆಯೇ ಎಂಬುದು ಅವನ ಪ್ರಶ್ನೆ. ಪುಟ್ಟಪ್ಪ ಹೇಳಿದ್ದನ್ನು ಅವನ ಧಾಟಿಯಲ್ಲೇ ನಮಗೆ ಆಡಿ ತೋರಿಸಿದ: "ಮರ ಅಂದ್ರೆ ಏನಂತ ತಿಳ್ಕಂಡಿದೀಯ ಮಾರಾಯ? ಹಸಿ ಮರ ಆದ್ರೆ ಎರಡು ದಿನ. ಚಲೋ ಚೇಗು, ಮರದ ನಡುವಿನ ಗಟ್ಟಿ ತಿರುಳು, ಹಳೇದು ಸಿಕ್ಕಿ, ಎಣ್ಣೇಲಿ ಕುದ್ಸಿ ಹಾಕಿದ್ಯೋ, ನಿನ್ನ ಕಬ್ಬಿಣ ಸವೀಬೇಕು, ಅದು ಸವೆಯಾದಿಲ್ಲ." ಜೊತೆಗೆ ಎರಡು ಉಳಿಗಳನ್ನೂ ಕೊಟ್ಟು ಕಳಿಸಿದ್ದ.

ಕೆಲಸಕ್ಕೆ ಉಳಿದದ್ದು ಸೋಮವಾರ ಒಂದೇ. ಬೆಳಿಗ್ಗೆ ಅವನು ಸ್ಪ್ಯಾನರು ಹಿಡಿದು ಗಾಡಿ ಹತ್ತಿದ್ದೇ ತಡ, ಅವ್ವ ವಿಭೂತಿಯ ಬಟ್ಟಲು ಹಿಡಿದವಳು ಅಂಗಳದ ನಡುವೆ ನಿಂತಳು.

"ಏನೋ ಪಂಚಾ, ಸೋಮಾರ ಅದರ ಮೈಗೆ ಕೈ ಹಚ್ತೀಯಾ?"

"ಅವ್ವಾ, ಹೆಗಲು ಬಾತ ಎತ್ತಿಗೆ ಸೋಮಾರ ಅಂತ ಮದ್ದು ಹಚ್ಚದೆ ಬಿಡ್ತೀಯೇನು?"

ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಶಾಸ್ತ್ರದ ವಿಷಯದಲ್ಲಿ ಅವಳು ನ್ಯಾಯಾಧೀಶರಿಗಿಂತ ಕಡಿಮೆಯಿಲ್ಲ. "ಮದ್ದಿಗೆ ಅಡ್ಡಿಯಿಲ್ಲ. ಚಾಲೂ ಮಾಡಂಗಿಲ್ಲ. ಒಂದು ಹೆಜ್ಜೆ ಕದಲಂಗಿಲ್ಲ" ಎಂದಳು. ಎಂದರೆ ಮಾಡಿದ ರಿಪೇರಿ ಸರಿಯಾಯಿತೋ ಇಲ್ಲವೋ ಎಂಬುದನ್ನು ಓಡಿಸಿ ನೋಡಲು ಮಂಗಳವಾರದವರೆಗೆ ದಾರಿಯಿಲ್ಲ. ತಮ್ಮ ಒಪ್ಪಿದ. ಅವ್ವನ ಕಣ್ಣು ತಪ್ಪಿಸಿ ಸಂಜೆ ಒಂದು ಸುತ್ತು ಹೋಗಿಬರಬಹುದಿತ್ತು, ನಾನಾಗಿದ್ದರೆ ಹೋಗುತ್ತಿದ್ದೆ. ಅವನು ಅಂಥವನಲ್ಲ.

ಹಾರನ್ನಿನ ಗುಂಡಿ ಬಿಚ್ಚಿದ, ಒಳಗಿನ ನಟ್ಟು ಸಡಿಲಿಸಿದ. ಚಕ್ರ ಮಾತ್ರ ಜಪ್ಪಯ್ಯ ಎಂದರೂ ಕಂಬಿಯಿಂದ ಮೇಲೇಳಲಿಲ್ಲ. ಎಷ್ಟೋ ವರ್ಷದ ತುಕ್ಕು ಕಚ್ಚಿಕೊಂಡಿತ್ತು. ಆಗ ಅವನು ಸೀಟಿನಲ್ಲಿ ಕುಳಿತು, ಎರಡೂ ಮೊಣಕಾಲನ್ನು ಚಕ್ರದ ಅಡಿಗೆ ಕೊಟ್ಟು ಮೇಲಕ್ಕೆ ಒತ್ತಿ ಹಿಡಿದು, ನನ್ನ ಕೈಗೆ ಮರದ ಕೊಡತಿ ಕೊಟ್ಟ. ನಟ್ಟನ್ನು ಪೂರ್ತಿ ತೆಗೆಯದೆ ಕಂಬಿಯ ತುದಿಗೇ ಬಿಟ್ಟಿದ್ದ, ಏಟು ಬಿದ್ದು ಕಂಬಿಯ ತುದಿಯ ತಿರುಪಿನ ಸುತ್ತು ಹಾಳಾಗಬಾರದೆಂದು. ಅದರ ಮೇಲೆ ಹೊಡೆಯುವುದು ನನ್ನ ಕೆಲಸ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಹೊಡೆದೆ. ರಜೆಯಲ್ಲಿ ಮನೆಯಲ್ಲಿದ್ದ ಅಕ್ಕೋರು ಮೋಟಾರಿಗೆ ಹೊಡೆಯುವುದನ್ನು ನೋಡಲು ಬೀದಿಯ ಹೆಂಗಸರು ಕದ ತೆಗೆದು ನಿಂತರು.

"ಹಂಗಲ್ಲ ಅಕ್ಕಾ. ನಾನು ಜಾಮಿಟ್ರಿ ಲೆಕ್ಕ ತಪ್ಪು ಮಾಡೀನಿ ಅಂದ್ಕೊಂಡು ಹೊಡಿ" ಎಂದ.

ಹಾಗೆ ಅಂದುಕೊಂಡು ಹೊಡೆದೆ. ಎರಡನೇ ಏಟಿಗೆ ಚಕ್ರ ಎದ್ದು ಅವನ ಗಲ್ಲಕ್ಕೆ ಬಡಿಯಿತು.

ಚಕ್ರದ ಕೆಳಗೆ ಇದ್ದ ಬೇರಿಂಗು ಬೇರಿಂಗಾಗಿ ಉಳಿದಿರಲಿಲ್ಲ. ಕಪ್ಪು ಅಂಟಿನ ಮುದ್ದೆ, ಅದರಲ್ಲಿ ಹುದುಗಿದ ಅರೆಸವೆದ ನಾಲ್ಕಾರು ಗುಂಡು. ತಮ್ಮ ಆ ಅಂಟನ್ನು ಎರಡು ಬೆರಳಲ್ಲಿ ತಿಕ್ಕಿದ. ಮೂಗಿನ ಹತ್ತಿರ ಹಿಡಿದ. ಮತ್ತೆ ತಿಕ್ಕಿದ. ಆಮೇಲೆ ತಲೆಯೆತ್ತಿ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಎತ್ತಿನ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಬಿದಿರ ಕೊಳವೆ ನೇತಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುವ ಎಣ್ಣೆ ಅದು. ಎತ್ತಿನ ಗಾಡಿಯ ದಪ್ಪ ಅಚ್ಚಿಗೆ ಅಮೃತ. ಉಕ್ಕಿನ ಸಣ್ಣ ಗುಂಡುಗಳ ನಡುವೆ ಹೋದರೆ ಆ ಕರಿಯೂ ಅದಕ್ಕಂಟಿದ ಧೂಳೂ ಸಾಣೆಕಲ್ಲಿನ ಕೆಲಸ ಮಾಡುತ್ತವೆ.

ಇದನ್ನು ಇಲ್ಲಿ ಹಾಕಿದವರು ಯಾರು ಎಂದು ನಾವು ಕೇಳಬೇಕಾಗಲಿಲ್ಲ. ಅವ್ವ ಹತ್ತಿರ ಬಂದು ಇಣುಕಿದಳು.

"ಸವೆದು ಹೋಗೈತೇನೋ? ಎರಡು ವರ್ಷದಿಂದ ಸೋಮಾರ ಸೋಮಾರ ನಾನೇ ಎಣ್ಣೆ ಬಿಡ್ತಿದ್ನಲ್ಲೋ. ಒಂದು ದಿನ ಅದು ಕಿರ್ ಅಂದಿತ್ತು. ನಾಲಿಗೆ ಇಲ್ಲದ್ದು, ಪಾಪ, ಯಾರಿಗೆ ಹೇಳ್ಕೋಬೇಕು ಅಂತ ಕಡ್ಡಿಗೆ ಅರಿವೆ ಸುತ್ತಿ ಸಂದಿನಾಗೆ ಬಿಡ್ತಿದ್ದೆ. ಆದ್ರೂ ಸವೀತಾ?"

ನನಗೆ ಬಾಯಿಗೆ ಬಂದೇ ಬಿಟ್ಟಿತ್ತು. ತಪ್ಪು ಕಂಡರೆ ಕೆಂಪು ಮಸಿ ಹಚ್ಚದೆ ಬಿಡುವವಳಲ್ಲ ನಾನು. ಅವನು ಹೊಟ್ಟೆಪಾಡು ಕಳೆದುಕೊಳ್ಳುವ ಹೊತ್ತು, ಇವಳು ಮಾಡಿದ್ದು ಇವಳಿಗೆ ತಿಳಿಯಲಿ ಅನ್ನಿಸಿತು. ತಮ್ಮ ನನ್ನ ಕಡೆ ಒಂದೇ ಸಲ ನೋಡಿದ, ನಾನು ಬಾಯಿ ಮುಚ್ಚಿದೆ.

"ನೀನು ಬಿಟ್ಟದ್ದಕ್ಕೇ ಇಷ್ಟು ದಿನ ಬಾಳಿದ್ದು ಅವ್ವಾ. ಹಳೇದು, ಅದರ ಆಯುಸ್ಸು ಅಷ್ಟೇ" ಎಂದ. ಕೊಳವೆಯ ಬಾಯಿಗೂ ಕಂಬಿಗೂ ಮೆತ್ತಿದ್ದ ಅಂಟನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಕುಳಿತ. ಹಳೆಯ ಗುಂಡುಗಳನ್ನು ಅಂಟಿನ ಸಮೇತ ಒಂದು ಅರಿವೆಯಲ್ಲಿ ಕಟ್ಟಿ ಸೀಟಿನ ಕೆಳಗಿಟ್ಟ. ಹಳೆಯ ಸಾಮಾನನ್ನು ಯಜಮಾನರಿಗೆ ತೋರಿಸದೆ ಬಿಸಾಡಬಾರದು ಎಂಬುದು ಅವನ ಶಿಸ್ತು.

ಆಮೇಲೆ ಅವನು ಬಂದು ಕೇಳಿದ್ದು ನನ್ನ ಕಂಪಾಸ್ ಪೆಟ್ಟಿಗೆಯನ್ನು. ಅದನ್ನು ಕಂಡರೆ ಒಂದು ಕಾಲದಲ್ಲಿ ಹಿತ್ತಿಲಿಗೆ ಓಡುತ್ತಿದ್ದವನು! ಡಿವೈಡರಿನ ಎರಡು ಮೊನೆಯನ್ನು ಕೊಳವೆಯ ಬಾಯಿಗೆ ಒಳಗಿನಿಂದ ತಾಗಿಸಿ ಅಳತೆ ಹಿಡಿದ, ಕಂಬಿಗೆ ಹೊರಗಿನಿಂದ ತಾಗಿಸಿ ಹಿಡಿದ. ಹಲಗೆಯ ಮೇಲೆ ಒಂದರೊಳಗೊಂದು ಎರಡು ವೃತ್ತ ಎಳೆದ. ನಾನು ಹಿಂದೆ ನಿಂತು ನೋಡಿದೆ. ಒಂದೇ ಕೇಂದ್ರ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪರೀಕ್ಷೆಯಲ್ಲಿ ಇವನಿಗೆ ಪೆನ್ಸಿಲು ಕೊಟ್ಟು ಉಳಿ ಕೊಡದಿದ್ದದ್ದೇ ತಪ್ಪಾಯಿತು ಅಂದುಕೊಂಡೆ.

ಮರಕ್ಕೆ ಮಾತ್ರ ತೊಂದರೆಯಾಯಿತು. ಹಳೆಯ ಗಾಡಿಯ ಜಾಲಿ ತುಂಡೊಂದನ್ನು ಕಡೆದ, ಕೊನೆಯಲ್ಲಿ ತೂತು ಕೊರೆಯುವಾಗ ಸೀಳಿತು. ಎರಡನೆಯದೂ ಸೀಳಿತು. ಮಧ್ಯಾಹ್ನ ಎರಡು ಗಂಟೆ. ಬಿಸಿಲು ಅಂಗಳವನ್ನು ಸುಡುತ್ತಿತ್ತು, ಮೂವರೂ ಉಂಡಿರಲಿಲ್ಲ. ಅವನು ಸೀಳಿದ ತುಂಡು ಹಿಡಿದು ಸುಮ್ಮನೆ ಕೂತುಬಿಟ್ಟ. ಅವ್ವ ಒಳಗೆ ಹೋಗಿ ತನ್ನ ಒನಕೆ ತಂದು ಅವನ ಮುಂದೆ ಹಾಕಿದಳು.

"ಕಗ್ಗಲಿ ಮರದ್ದು. ಮದುವೇಲಿ ನನ್ನ ಜೊತೆ ಬಳ್ಳಿಗಾವಿಯಿಂದ ಬಂದದ್ದು. ನಲವತ್ತು ವರ್ಷ ಎಳ್ಳು ಕುಟ್ಟೀನಿ, ಅವಲಕ್ಕಿ ಕುಟ್ಟೀನಿ, ಇವತ್ತಿಗೂ ಒಂದು ಎಳೆ ಬಿಟ್ಟಿಲ್ಲ. ಇದರಾಗೆ ಮಾಡು."

"ಅವ್ವಾ, ಇದನ್ನ ಕೊಯ್ಯಬೇಕಾಗ್ತದೆ."

"ಕೊಯ್ಯದೆ ಪೂಜೆ ಮಾಡಂತ ಕೊಟ್ನೇನೋ?"

ನಲವತ್ತು ವರ್ಷ ಎಳ್ಳಿನ ಎಣ್ಣೆ ಕುಡಿದ ಮರ. ಗರಗಸ ಹಾಕಿದರೆ ಒಳಗೆ ರಕ್ತದ ಬಣ್ಣ. ಎರಡು ಗೂಟದ ನಡುವೆ ತುಂಡನ್ನು ಸಿಕ್ಕಿಸಿ ಹಗ್ಗ ಸುತ್ತಿದ. ಹಗ್ಗ ಎಳೆಯಲು ನಾನು ಕೂತೆ, ಒಂದೇ ಸಮ ಬರಲಿಲ್ಲ. ಅವ್ವ ನನ್ನನ್ನು ಸರಿಸಿ ಕೂತಳು. ದಿನಾ ಮಜ್ಜಿಗೆ ಕಡೆಯುವ ಕೈ ಅದು, ಹಿಂದಕ್ಕೆ ಎಷ್ಟೋ ಮುಂದಕ್ಕೂ ಅಷ್ಟೇ. ಮರ ಸುಯ್ಯನೆ ತಿರುಗಿತು, ಉಳಿಯ ಬಾಯಿಂದ ಕೆಂಪು ಸಿಪ್ಪೆ ಸುರುಳಿಯಾಗಿ ಬಿತ್ತು. ಒಂದು ತಾಸು ಒಬ್ಬಳು ಎಳೆದಳು, ಒಬ್ಬ ಕಡೆದ. ಕೊನೆಗೆ ರೂಪಾಯಿ ಬಿಲ್ಲೆಯ ಅಗಲದ, ಹೆಬ್ಬೆರಳ ದಪ್ಪದ ಒಂದು ಮರದ ಬಳೆ ಅವನ ಅಂಗೈಯಲ್ಲಿ ಕೂತಿತ್ತು.

ಅದನ್ನು ಹರಳೆಣ್ಣೆಯಲ್ಲಿ ಕುದಿಸಿದೆವು, ಕರಿ ಇಲ್ಲದ, ಸೋಸಿದ ಎಣ್ಣೆಯಲ್ಲಿ. "ನಾನು ಹೇಳ್ಲಿಲ್ವಾ, ಎಣ್ಣೆ ಬೇಕೇ ಬೇಕು ಅಂತ" ಎಂದಳು ಅವ್ವ. ನಾನು ಒಲೆ ಊದುವ ನೆಪದಲ್ಲಿ ತಲೆ ತಗ್ಗಿಸಿದೆ. ಕುದ್ದ ಮರ ಚೂರು ಉಬ್ಬಿತ್ತು. ಗಾಜಿನ ಚೂರಿನಿಂದ ಒಳಮೈ ಕೆರೆದು, ಕಂಬಿಗೆ ಹಾಕಿ ನೋಡಿ, ಮತ್ತೆ ಕೆರೆದು, ಹೀಗೆ ಎಂಟು ಹತ್ತು ಸಲ. ಹೊತ್ತು ಮುಳುಗುವ ಮೊದಲು ಬಳೆ ಕೊಳವೆಯ ಬಾಯಲ್ಲಿ ಹೆಬ್ಬೆರಳ ಒತ್ತಿಗೆ ಇಳಿದು ಕೂತಿತು. ಚಕ್ರ ಕೂರಿಸಿ ನಟ್ಟು ಬಿಗಿದ. ಹಿಡಿದು ಅಲ್ಲಾಡಿಸಿದ. ಕಟಕಟ ಇರಲಿಲ್ಲ.

ಮಂಗಳವಾರ ಹ್ಯಾಂಡಲು ಹಾಕಿ ಗಾಡಿ ಚಾಲೂ ಮಾಡುವ ಹೊತ್ತಿಗೆ ಅವ್ವ ಹೊಸ ಸೀರೆ ಉಟ್ಟು ಬೆಂಚಿನ ಮೇಲೆ ಕೂತಿದ್ದಳು. ಮದ್ದು ಹಾಕಿದ ಎತ್ತನ್ನು ಒಬ್ಬನೇ ಹೊಡೆದುಕೊಂಡು ಹೋಗಬಾರದಂತೆ. ಅವಳಿಗೆ ಜೊತೆಯಾಗಿ ನಾನೂ ಹತ್ತಿದೆ. ಪ್ರವಾಸಿ ಬಂಗಲೆಯ ಮುಂದಿನ ಬಯಲಿನಲ್ಲಿ ಸಾವ್ಕಾರರು ಮೊದಲೇ ಬಂದು ನಿಂತಿದ್ದರು. ಬ್ರೇಕ್ ಇನ್ಸ್‌ಪೆಕ್ಟರು ಖಾಕಿ ತೊಟ್ಟ ಒಣಕಲು ಮನುಷ್ಯ, ನಗು ಅವರ ಇಲಾಖೆಗೆ ಮಂಜೂರಾದಂತೆ ಕಾಣಲಿಲ್ಲ. ಚಕ್ರ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಜಗ್ಗಿದರು. ತಾವೇ ಕೂತು ಕೆರೆಯ ಏರಿಯವರೆಗೆ ಓಡಿಸಿಕೊಂಡು ಬಂದರು. ಬೆಂಚಿನ ಮೇಲೆ ನಾವಿಬ್ಬರು ಕುಲುಕಾಡುತ್ತಾ ಕೂತಿದ್ದೆವು.

"ಹೊಸ ಬೇರಿಂಗ್ ಏನ್ರೀ? ಎಲ್ಲಿ ಸಿಕ್ತು? ದಾವಣಗೆರೆಯಲ್ಲೇ ಇಲ್ಲ ಅಂತಿದ್ರಲ್ಲ" ಎಂದರು ಇಳಿದು.

"ಮನೇಲಿ ಮಾಡ್ದೆ ಸ್ವಾಮಿ. ಮರದ್ದು."

"ಮರದ್ದಾ? ಬಿಚ್ರಿ."

ತಮ್ಮ ಬಿಚ್ಚಿದ. ಇನ್ಸ್‌ಪೆಕ್ಟರು ಆ ಕೆಂಪು ಬಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹಳೇದು ಎಲ್ಲಿ?" ಎಂದರು. ತಮ್ಮ ಅರಿವೆಯ ಗಂಟು ಕೊಟ್ಟ. ಅವರು ಮೂಸಿ ನೋಡಿದರು.

"ಕೀಲೆಣ್ಣೆ! ಯಾರ್ರೀ ಇದಕ್ಕೆ ಕೀಲೆಣ್ಣೆ ಬಿಟ್ಟಿದ್ದು?"

ಬೆಂಚಿನ ಮೇಲೆ ಅವ್ವ ನನ್ನ ಮಣಿಕಟ್ಟು ಹಿಡಿದಳು. ತಮ್ಮ ಹಿಂದೆ ತಿರುಗಲಿಲ್ಲ.

"ನಾನೇ ಸ್ವಾಮಿ" ಎಂದ.

ಸಾವ್ಕಾರರ ಮುಖ ಕಪ್ಪಿಟ್ಟಿತು. "ನೀನಾ? ಮೋಟಾರಿಗೆ ಯಾವ ಎಣ್ಣೆ, ಎತ್ತಿನ ಗಾಡಿಗೆ ಯಾವ ಎಣ್ಣೆ ಅನ್ನೋದು ಗೊತ್ತಿಲ್ಲದೋನ ಕೈಗೆ ಐದು ವರ್ಷ ಗಾಡಿ ಕೊಟ್ಟಿದ್ನಲ್ಲ ನಾನು! ಸಾಕು, ಕೆಳಗಿಳಿ. ನಾಳೆಯಿಂದ ದಾವಣಗೆರೆಯೋನು ಬರ್ತಾನೆ."

ತಮ್ಮ ಕೆಳಗಿಳಿದ. ನಾನು ಏಳುವಷ್ಟರಲ್ಲಿ ನನ್ನ ಮಣಿಕಟ್ಟು ಬಿಟ್ಟು ಅವ್ವ ಇಳಿದಾಗಿತ್ತು. ಗಂಡಸರ ಮುಂದೆ ಎಂದೂ ದನಿ ಎತ್ತದವಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಇನ್ಸ್‌ಪೆಕ್ಟರ ಎದುರಿಗೇ ನಿಂತಳು.

"ಸುಳ್ಳು ಹೇಳ್ತಾನೆ ಸ್ವಾಮಿ. ಎಣ್ಣೆ ಬಿಟ್ಟೋಳು ನಾನು. ಎರಡು ವರ್ಷದಿಂದ. ಅವನಿಗೆ ಗೊತ್ತೇ ಇರಲಿಲ್ಲ. ನಿನ್ನೆ ಗೊತ್ತಾದ್ರೂ ನನಗೆ ಹೇಳ್ಲಿಲ್ಲ. ಒಳ್ಳೇದಾಗ್ಲಿ ಅಂತ ಬಿಟ್ಟೆ ಸ್ವಾಮಿ. ಅದು ವಿಷ ಅಂತ ಈಗ ಗೊತ್ತಾತು."

ಇನ್ಸ್‌ಪೆ‌ಕ್ಟರು ತಮ್ಮನ ಕಡೆ ತಿರುಗಿದರು. "ಅಧಿಕಾರಿ ಮುಂದೆ ಸುಳ್ಳು ಯಾಕ್ರೀ ಹೇಳಿದ್ರಿ?"

"ಸುಳ್ಳು ಹೆಂಗಾಗ್ತದೆ ಸ್ವಾಮಿ? ಗಾಡಿ ಇರೋದು ನನ್ನ ವಶದಾಗೆ. ಅದಕ್ಕೆ ಯಾರು ಏನು ಬಿಟ್ರೂ ನೋಡ್ಕೋಬೇಕಾದೋನು ನಾನು. ಎರಡು ವರ್ಷ ಚಕ್ರದ ಬುಡ ಬಿಚ್ಚಿ ನೋಡ್ಲಿಲ್ಲ. ತಪ್ಪು ನಂದೇ."

ಇನ್ಸ್‌ಪೆ‌ಕ್ಟರು ಮರದ ಬಳೆಯನ್ನು ತಮ್ಮನ ಕೈಗೆ ವಾಪಸು ಕೊಟ್ಟು, "ಹಾಕಿ, ಬಿಗೀರಿ" ಎಂದರು. ತಾವು ಬಂದ ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು ಬರೆಯುತ್ತಾ ಸಾವ್ಕಾರರಿಗೆ ಹೇಳಿದರು: "ಒಂದು ತಿಂಗಳಿಗೆ ಪಾಸು ಮಾಡಿದ್ದೀನಿ. ಅಷ್ಟರಲ್ಲಿ ಅಸಲಿ ಬೇರಿಂಗ್ ಹಾಕಿಸಿ ತೋರಿಸಬೇಕು, ಕಾನೂನು ಕಾನೂನೇ. ಇನ್ನು ಡ್ರೈವರ್ ವಿಷಯ ನಿಮ್ಮದು. ಆದ್ರೆ ಹನ್ನೆರಡು ವರ್ಷದಲ್ಲಿ ನಾನು ಸಾವಿರ ಗಾಡಿ ನೋಡಿದ್ದೀನಿ. ಕೆಟ್ಟದ್ದೆಲ್ಲ ಕಂಪನಿ ತಪ್ಪು, ರಸ್ತೆ ತಪ್ಪು, ಕ್ಲೀನರ್ ತಪ್ಪು. ನನ್ನ ತಪ್ಪು ಅಂದ ಡ್ರೈವರು ಇವನೊಬ್ಬನೇ."

ಸಾವ್ಕಾರರು ಕಾಗದ ತೆಗೆದುಕೊಂಡು ಮಡಿಸಿ ಜೇಬಿಗಿಟ್ಟರು. ಕೆಮ್ಮಿದರು. ತಮ್ಮನ ಮುಖ ನೋಡದೆ, "ಸೊರಬದ ಜನ ಕಾಯ್ತಿರ್ತಾರೆ. ಇವತ್ತು ಆಗ್ಲೇ ತಡ ಆತು, ಹತ್ತು" ಎಂದರು.

ಬೊಂಬಾಯಿಯ ಬೇರಿಂಗು ಮೂರನೆಯ ವಾರ ಬಂತು. ಹಾಕಲು ಬಿಚ್ಚಿದಾಗ ಮರದ ಬಳೆಯ ಮೈಯಲ್ಲಿ ಕಂಬಿ ತಿರುಗಿದ ಹೊಳಪು ಬಿಟ್ಟರೆ ಒಂದು ಗೀರೂ ಇರಲಿಲ್ಲ. ಅದು ಈಗಲೂ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿದೆ. ತಮ್ಮ ಆ ದಾರಿಯಲ್ಲಿ ಇನ್ನೂ ಇಪ್ಪತ್ತಾರು ವರ್ಷ ಗಾಡಿ ಓಡಿಸಿದ. ಮೂರು ಗಾಡಿ ಬದಲಾದವು, ಅವನ ಕೈಯಲ್ಲಿ ಒಂದು ಕೋಳಿಯೂ ಸಾಯಲಿಲ್ಲ. ಯಾರಾದರೂ ತಮ್ಮ ಏನು ಮಾಡುತ್ತಾನೆ ಎಂದು ಕೇಳಿದರೆ ನಾನು ಕೇಳಿದವರಿಗೆ ಸಾಕಾಗುವವರೆಗೆ ಹೇಳುತ್ತೇನೆ. ಆದರೆ ಅವನ ವಿಷಯದಲ್ಲಿ ನನಗಿರುವ ಹೆಮ್ಮೆ ಬಳೆಯದ್ದಲ್ಲ, ಇನ್ಸ್‌ಪೆ‌ಕ್ಟರ ಮಾತಿನದ್ದೂ ಅಲ್ಲ. ಅದು ಆ ತಪಾಸಣೆಯಾದ ಮುಂದಿನ ಸೋಮವಾರದ್ದು.

ಆ ಮಂಗಳವಾರದಿಂದ ಅವ್ವ ಮೋಟಾರಿನ ಹತ್ತಿರ ಸುಳಿದಿರಲಿಲ್ಲ. ಊಟ ಕಡಿಮೆ ಮಾಡಿದ್ದಳು. ಸೋಮವಾರ ಎತ್ತುಗಳ ಮೈ ತೊಳೆದಳು, ವಿಭೂತಿ ಎಳೆದಳು, ಗಾಡಿಯ ಮುಂದೆ ಬಂದಾಗ ಮಾತ್ರ ಮುಖ ಆಚೆ ತಿರುಗಿಸಿ ಒಳಗೆ ಬಂದು ಗೋಡೆಗೊರಗಿ ಕೂತಳು. ತಮ್ಮ ಪೇಟೆಯಿಂದ ಒಂದು ಸಣ್ಣ ಡಬ್ಬಿ ಮೋಟಾರು ಗ್ರೀಸು ತಂದಿದ್ದ. ಚಕ್ರ ಬಿಚ್ಚಿಟ್ಟು ಹೊಸ್ತಿಲಿಗೆ ಬಂದು ನಿಂತ.

"ಅವ್ವಾ, ಬಾ. ಎಣ್ಣೆ ಹಾಕೋದು ನಿನ್ನ ಕೆಲಸ."

"ನಾನು ಬ್ಯಾಡ ಕಣೋ. ಕೆಡಿಸಿದೋಳು ನಾನು."

"ಕೆಡಿಸಿದ್ದು ಎಣ್ಣೆ ಅವ್ವಾ, ನಿನ್ನ ಕೈಯಲ್ಲ" ಎಂದು ಡಬ್ಬಿಯನ್ನು ಅವಳ ಮಡಿಲಿಗೆ ಇಟ್ಟ.

ಅವ್ವ ಡಬ್ಬಿಯನ್ನು ನೋಡುತ್ತಾ ಕೂತಳು. ಆಮೇಲೆ ಎದ್ದು, ಕೈ ತೊಳೆದುಕೊಂಡು, ಎಷ್ಟು ಹಾಕಬೇಕು ಎಂದು ಕೇಳುತ್ತಾ ಅವನ ಹಿಂದೆ ಅಂಗಳಕ್ಕೆ ಇಳಿದಳು.